ನಮ್ಮ ವಾಡೆ 300 ವರ್ಷದ್ದಲ್ಲ

(ಕಲಬುರಗಿಯಲ್ಲಿ ಹಳೆಯ ಮನೆಗಳ ಬಗ್ಗೆ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ)

ಮೊದಲು ಒಂದು ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ಆಳಂದ ತಾಲೂಕಿನ ನಮ್ಮೂರ ವಾಡೆ 300 ವರ್ಷದ್ದು ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವನು ನಾನು. ನನ್ನ ಮದುವೆಯಲ್ಲಿ ಬೀಗರಿಗೆ ಹೇಳಿದ್ದೆ. ಶಾಲೆಯಲ್ಲಿ ಮಕ್ಕಳಿಗೆ ಹೇಳಿದ್ದೆ. ನನಗೆ ನಮ್ಮಪ್ಪ ಹೇಳಿದ್ದರು, ಅಪ್ಪನಿಗೆ ಮುತ್ಯಾ, ಅಂದರೆ ನಮ್ಮಜ್ಜ, ಹೇಳಿದ್ದ. ತಮಾಷೆ ಏನಂದ್ರೆ, ಮುತ್ಯಾನ ಕಾಲದಲ್ಲೂ ಅದು 300 ವರ್ಷದ್ದೇ, ಈಗಲೂ 300. ನಮ್ಮ ಮನೆಗೆ ವಯಸ್ಸೇ ಆಗುವುದಿಲ್ಲ. ಹಿಂದಿನ ಸಾಲಿನಲ್ಲಿ ಕೆಲವರು ನಗ್ತಾ ಇದ್ದೀರಿ. ಅಂದರೆ ನಿಮ್ಮ ವಾಡೆಯೂ 300ರದ್ದೇ ಇರಬೇಕು.

ಸುಳ್ಳು ಹೊರಬಿದ್ದದ್ದು ಒಂದು ಕಾಗದದಿಂದ. ಆಸ್ತಿ ಪಾಲಿನ ಮಾತು ಬಂದಾಗ ಅಪ್ಪನ ಹಳೆ ಟ್ರಂಕು ತೆಗೆದೆವು. ತಳದಲ್ಲಿ ಬಟ್ಟೆ ಸುತ್ತಿದ ಒಂದು ಉರ್ದು ಕಾಗದ ಸಿಕ್ಕಿತು. ನಮ್ಮ ಕಾಕಾನ ಮಗನಿಗೆ ಉರ್ದು ಬರುವುದಿಲ್ಲ, ಅಂಕಿ ಮಾತ್ರ ಬರುತ್ತದೆ. ಮೇಲ್ಗಡೆ ಇದ್ದದ್ದನ್ನು ಓದಿ ಹಾರಿ ಬಿದ್ದ: ‘1318!’ ಅವತ್ತು ಮನೆಯಲ್ಲಿ ಹಬ್ಬ. ಗುಲ್ಬರ್ಗಾದ ಬಹಮನಿ ಸುಲ್ತಾನರು ಗದ್ದುಗೆ ಏರಿದ್ದು 1347ರಲ್ಲಿ. ಅಂದರೆ ನಮ್ಮ ವಾಡೆ ಅವರಿಗಿಂತ 29 ವರ್ಷ ಹಿರಿಯದು! ಕಾಕಾನ ಮಗ ಪತ್ರಿಕೆಯವರಿಗೆ ಫೋನ್ ಮಾಡಲು ಹೊರಟಿದ್ದ. ನಾನೇ ತಡೆದೆ.

ಕಾಗದ ತೆಗೆದುಕೊಂಡು ನಮ್ಮ ಓಣಿಯ ಒಬ್ಬ ನಿವೃತ್ತ ಉರ್ದು ಮಾಸ್ತರರ ಹತ್ತಿರ ಹೋದೆ. ಅವರು ಕನ್ನಡಕ ಒರೆಸಿಕೊಂಡು ನೋಡಿದರು. ‘ಮಾಸ್ತರ್, ಇದು ಇಸವಿ ಅಲ್ರಿ. ಫಸಲಿ ಅದ’ ಅಂದರು.

ನಿಮ್ಮ ಮನೆಯಲ್ಲೂ ಇಂಥ ಕಾಗದ ಇದ್ದೀತು, ಅದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಜಾಮರ ಕಾಲದ ಕಂದಾಯದ ಲೆಕ್ಕವೆಲ್ಲ ಫಸಲಿ ವರ್ಷದಲ್ಲಿ ಇರುತ್ತಿತ್ತು. ಹೆಸರೇ ಹೇಳುವ ಹಾಗೆ ಅದು ಫಸಲಿನ ವರ್ಷ. ಶುರುವಾಗುವುದು ಅಕ್ಟೋಬರ್ ಮೊದಲ ವಾರ. ಫಸಲಿಗೆ 590 ಕೂಡಿಸಿದರೆ ಅದು ಶುರುವಾದ ಇಸವಿ ಸಿಗುತ್ತದೆ. 1318ಕ್ಕೆ 590 ಕೂಡಿಸಿ. 1908. ಅಂದರೆ ನಮ್ಮ ಕಾಗದ 1908-09ರದ್ದು. ದುಡ್ಡಿನ ವಿಷಯದಲ್ಲೂ ಹುಷಾರು. ಆ ಕಾಗದಗಳಲ್ಲಿರುವ ರೂಪಾಯಿ ಹಾಲಿ ಸಿಕ್ಕಾ, ನಿಜಾಮರ ಸ್ವಂತ ನಾಣ್ಯ. ಬ್ರಿಟಿಷರ ರೂಪಾಯಿಯನ್ನು ನಮ್ಮ ಹಿರಿಯರು ಕಲದಾರ್ ಅನ್ನುತ್ತಿದ್ದರು. 7 ಹಾಲಿ ಕೊಟ್ಟರೆ 6 ಕಲದಾರ್ ಬರುತ್ತಿತ್ತು.

ಇನ್ನು ಆ ಕಾಗದ ಏನು ಅಂತೀರಾ? ರಾಜರು ಕೊಟ್ಟ ಸನ್ನದು ಅಂತ ನಾವು ಅಂದುಕೊಂಡಿದ್ದೆವು. ಬಡಿಗ್ಯಾನ ಕೂಲಿ ಲೆಕ್ಕ ಅದು! ತೊಲೆಗೆ ಇಷ್ಟು, ದೊಡ್ಡ ಬಾಗಿಲಿಗೆ ಇಷ್ಟು, ಕಂಬದ ತಲೆಯ ಬೋದಿಗೆ ಕೆತ್ತಿದ್ದಕ್ಕೆ ಇಷ್ಟು. ಮುತ್ಯಾನ ಅಪ್ಪ ಮನೆ ಕಟ್ಟಿಸಿದ ವರ್ಷದ ಲೆಕ್ಕ. ನನಗೇನೋ ಸನ್ನದಿಗಿಂತ ಇದೇ ಖುಷಿಯಾಯಿತು. ಕಾಕಾನ ಮಗ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಇದೇ ಗುಂಗಿನಲ್ಲಿ ಇನ್ನೊಂದು ಕಥೆಯನ್ನೂ ಮುಗಿಸಿಬಿಡೋಣ. ಪ್ರತಿ ವಾಡೆಯಲ್ಲೂ ಒಂದು ಸುರಂಗ ಇರಬೇಕು, ಅಲ್ವಾ? ನಮ್ಮದು ಸೀದಾ ಕಲಬುರಗಿ ಕೋಟೆಗೆ ಹೋಗುತ್ತದಂತೆ. ಸುಮಾರು 40 ಕಿಲೋಮೀಟರ್! ತೋಡಿದ ಮಣ್ಣು ಎಲ್ಲಿ ಹಾಕಿದರು ಅಂತ ಯಾರೂ ಕೇಳುವುದಿಲ್ಲ. ಚಿಕ್ಕವನಿದ್ದಾಗ ನಾನೂ ಆ ಬಾಯಿಯ ಮೇಲಿನ ಕಲ್ಲು ಸರಿಸಲು ಹೋಗಿ ಆಯಿಯ, ಅಂದರೆ ಅಜ್ಜಿಯ, ಕೈಯಿಂದ ಏಟು ತಿಂದಿದ್ದೇನೆ. ಅದು ಸುರಂಗ ಅಲ್ಲ. ಹಗೇವು. ನೆಲದೊಳಗಿನ ಜೋಳದ ಕಣಜ.

ಹಗೇವು ನೋಡದವರಿಗೆ ಹೇಳುತ್ತೇನೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ದೊಡ್ಡದು. ಬಿಂದಿಗೆ ಹೂತ ಹಾಗೆ. ಸುತ್ತ ಜೋಳದ ದಂಟು, ಹೊಟ್ಟು ಒತ್ತಿ ನಡುವೆ ಕಾಳು ತುಂಬುತ್ತಿದ್ದರು. ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಒಳಗೆ ಗಾಳಿ ಇಲ್ಲ, ಹುಳ ಬದುಕುವುದಿಲ್ಲ. ಮನುಷ್ಯನೂ ಬದುಕುವುದಿಲ್ಲ. ಅದಕ್ಕೇ ಹಗೇವು ತೆಗೆದ ದಿನ ಯಾರೂ ಇಳಿಯುವಂತಿರಲಿಲ್ಲ. ಬಾಯಿ ತೆರೆದು ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ಉರಿಯುತ್ತಾ ಇದ್ದರೆ ಇಳಿಯಬಹುದು. ಆಯಿ ನನಗೆ ಯಾಕೆ ಹೊಡೆದಳು ಅನ್ನುವುದು ಇದನ್ನು ತಿಳಿದ ಮೇಲೆ ಅರ್ಥವಾಯಿತು.

ಮನೆಯ ಉಳಿದ ಭಾಗ ನಿಮಗೆ ಗೊತ್ತಿರುವಂಥದ್ದೇ. ಮುಂದೆ ಕಟ್ಟೆ, ದೊಡ್ಡ ಬಾಗಿಲು, ಒಳಗೆ ಹೋದರೆ ಎಡಕ್ಕೆ ದನಕರು, ಮೇಲೆ ಪಡಸಾಲಿ, ಅದರ ಹಿಂದೆ ಅಡಿಗೆಮನೆ, ದೇವರ ಜಗುಲಿ, ಬಾಣಂತಿ ಕೋಣೆ, ಕಾಳಿನ ಕೋಣೆ. ನೆಲಕ್ಕೆ ಶಹಾಬಾದ್ ಪರ್ಸಿ. ಗೋಡೆ ಮೂರು ಅಡಿ ದಪ್ಪ. ಮೇ ತಿಂಗಳಲ್ಲಿ ಕಲಬುರಗಿ ಹೇಗೆ ಕಾಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆ ಪಡಸಾಲಿಯ ಪರ್ಸಿಯ ಮೇಲೆ ಬರೀ ಮೈಯಲ್ಲಿ ಮಲಗಿದ ಸುಖ ಯಾವ ಎಸಿಯಲ್ಲೂ ಇಲ್ಲ.

ಆದರೆ ಮಾಳಿಗೆಯ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಬೇಕು. ನಮ್ಮ ಮನೆಯ ಕಥೆ ನಿಂತಿರುವುದೇ ಅದರ ಮೇಲೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚೂರು, ಬೇವಿನ ಸೊಪ್ಪು, ಅದರ ಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಸವಳು. ಬೆಳೆ ಬರದ ಉಪ್ಪು ಮಣ್ಣು ಅದು. ಹೊಲದಲ್ಲಿದ್ದರೆ ಶಾಪ, ಮಾಳಿಗೆಯ ಮೇಲಿದ್ದರೆ ವರ. ನೀರು ಬಿದ್ದರೆ ಹಿಟ್ಟಿನ ಹಾಗೆ ಕೂಡಿಕೊಂಡು ಸಂದು ಮುಚ್ಚುತ್ತದೆ. ಹುಲ್ಲು ಬೆಳೆಯಲು ಬಿಡುವುದಿಲ್ಲ. ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಹಳ್ಳದ ದಂಡೆಯಿಂದ ಸವಳು ಹೊತ್ತು ತಂದು ಒಂದು ಪದರ ಹಾಕಬೇಕು. ಹಾಕದಿದ್ದರೆ ಆ ವರ್ಷ ಮನೆ ಸೋರುತ್ತದೆ.

ಈಗ ಕೇಳಿ. ಹೊರುತ್ತಿದ್ದವರು ಯಾರು? ನಮ್ಮ ಮುತ್ಯಾ ಹೊತ್ತನಾ? ಇಲ್ಲ. ನಾವು ಮಾಲಿ ಪಾಟೀಲರು. ಊರಿನ ಕಂದಾಯ ವಸೂಲಿ ನಮ್ಮ ಮನೆತನದ್ದು. ಸವಳು ಹೊರಲು ಊರ ಹೊರಗಿನ ಕೇರಿಯಿಂದ ಜನ ಬರುತ್ತಿದ್ದರು. ಕೆಲವರು ಸಾಲದಲ್ಲಿ ಜೀತಕ್ಕಿದ್ದವರು, ಕೆಲವರಿಗೆ ಸುಗ್ಗಿಯಲ್ಲಿ ಆಯ, ಅಂದರೆ ಕಾಳಿನ ಪಾಲು, ಕೊಡುತ್ತಿದ್ದರು. ಅವರು ಮಾಳಿಗೆ ಹತ್ತುತ್ತಿದ್ದದ್ದು ಹಿಂದಿನ ಗೋಡೆಗೆ ಇಟ್ಟ ನಿಚ್ಚಣಿಕೆಯಿಂದ. ಒಳಗಿನ ಮೆಟ್ಟಿಲು ಇದ್ದರೂ ಅವರಿಗೆ ಅದು ಇರಲಿಲ್ಲ. ಮನೆಯ ಮೇಲೆ ಇಡೀ ದಿನ ನಡೆದಾಡಿದವರು ಮನೆಯೊಳಗೆ ಒಂದು ಸಲವೂ ಬರಲಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಗ ನನಗೆ ಏನೂ ಅನಿಸಲಿಲ್ಲ, ಅದನ್ನೂ ಹೇಳಬೇಕು.

ಮನೆತನ ಅಂದ ತಕ್ಷಣ ವಂಶಾವಳಿ ಬರುತ್ತದೆ. ನಮ್ಮ ಕಡೆ ಆ ಕೆಲಸ ಹೆಳವರದು. ಎತ್ತಿನ ಮೇಲೆ ಕೂತು ಬೆಳಗಿನ ಜಾವ ಬಾಗಿಲ ಮುಂದೆ ನಿಂತು ಹೆಸರು ಹಿಡಿದು ಹೊಗಳುತ್ತಿದ್ದ ನಮ್ಮ ಹೆಳವನ ದನಿ ಇನ್ನೂ ಕಿವಿಯಲ್ಲಿದೆ. ಕೆಲವು ವರ್ಷಕ್ಕೊಮ್ಮೆ ಬರುತ್ತಿದ್ದ. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದ. ನಾನು ಹುಟ್ಟಿದ ಮೇಲೆ ಬಂದಾಗ ಒಂದು ಕರು ಕೊಟ್ಟರಂತೆ. ನನ್ನ ಅಕ್ಕ ಹುಟ್ಟಿದಾಗ? ಅವಳ ಹೆಸರು ಚೋಪಡಿಯಲ್ಲೇ ಇಲ್ಲ. ಆಯಿಯ ಹೆಸರೂ ಇಲ್ಲ. ಅಕ್ಕ ಇವತ್ತೂ ತಮಾಷೆ ಮಾಡುತ್ತಾಳೆ: ‘ಹೆಳವನ ಲೆಕ್ಕದಾಗ ನಾ ಹುಟ್ಟೇ ಇಲ್ಲ. ಹಂಗಿದ್ರ ನಿನಗ ರಾಖಿ ಯಾರು ಕಟ್ಟಿದ್ರೋ?’

ಆಯಿಯ ಲೆಕ್ಕ ಬೇರೆಯೇ. ಅವಳಿಗೆ ಇಸವಿ, ಫಸಲಿ ಎರಡೂ ಬೇಡ. ‘ನಿಮ್ಮಪ್ಪಗ ಹತ್ತು ತುಂಬಿತ್ತು, ರಜಾಕಾರರ ಗಲಾಟಿ’ ಅನ್ನುವಳು. ರಜಾಕಾರರು ಅಂದರೆ ನಿಜಾಮನ ಪರ ಹಳ್ಳಿಗಳ ಮೇಲೆ ಬೀಳುತ್ತಿದ್ದ ಪಡೆ. ಆ ಗಲಾಟೆಗೇ ಬರುತ್ತೇನೆ. ನಮ್ಮ ಮನೆಯ ನಡುವೆ ಗೋಡೆ ಎದ್ದದ್ದು ಅಲ್ಲಿಂದ.

1948ರ ಬೇಸಿಗೆ. ನಿಜಾಮನ ರಾಜ್ಯದ ಗಡಿ ಹತ್ತಿರದ ಹಳ್ಳಿಗಳ ಜನ ದುಧನಿ, ಅಕ್ಕಲಕೋಟ, ಸೋಲಾಪುರದ ಕಡೆ ಓಡಿಹೋಗುತ್ತಿದ್ದ ಕಾಲ. ಮುತ್ಯಾ ಹೆಂಗಸರು ಮಕ್ಕಳನ್ನು ಬಂಡಿಯಲ್ಲಿ ಹಾಕಿಕೊಂಡು ರಾತ್ರಿ ಹೊರಟ. ಮನೆ ಕಾಯಲು ತಮ್ಮನನ್ನು ಬಿಟ್ಟ. ಅವನು ನಮಗೆ ಸಣ್ಣ ಮುತ್ಯಾ. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮ ಸೋಲೊಪ್ಪಿದ. ಐದು ದಿನದ ಕೆಲಸ. ಮುತ್ಯಾ ದಸರೆಗೆ ವಾಪಸು ಬಂದು ಹಗೇವು ತೆಗೆಸಿ ನೋಡಿದರೆ ಅರ್ಧ ಖಾಲಿ.

ಸಣ್ಣ ಮುತ್ಯಾ ಹೇಳಿದ್ದು, ರಜಾಕಾರರು ಒಯ್ದರು ಅಂತ. ಕೇರಿಯವರು ಹೇಳಿದ್ದು, ಹಸಿದವರಿಗೆ ಅವನೇ ಹಂಚಿದ ಅಂತ. ಮುತ್ಯಾ ನಂಬಿದ್ದು, ತಮ್ಮ ಮಾರಿಕೊಂಡ ಅಂತ. ಯಾವುದು ಖರೆ ಅಂತ ನನಗೂ ಗೊತ್ತಿಲ್ಲ. ಮೂರು ವರ್ಷ ಇಬ್ಬರೂ ಒಂದೇ ಪಡಸಾಲಿಯಲ್ಲಿ ಮಾತಿಲ್ಲದೆ ಉಂಡರು. ಆಮೇಲೆ ಪಾಲಾಯಿತು. ಅಡಿಗೆಮನೆಯ ನಡುವಿನ ಬಾಗಿಲಿಗೆ ಕಲ್ಲು ಕಟ್ಟಿದರು.

ಊರಲ್ಲಿ ಹೇಳುವ ಕಥೆ ಮಾತ್ರ ಬೇರೆ. ‘ಹೆಂಗಸರ ಜಗಳಕ್ಕೆ ಮನಿ ಒಡೀತು’ ಅಂತ. ನಾನೂ ಅದನ್ನೇ ನಂಬಿದ್ದೆ. ನೀವು ಆ ಕಟ್ಟಿದ ಬಾಗಿಲನ್ನು ಹತ್ತಿರ ಹೋಗಿ ನೋಡಬೇಕು. ಉಳಿದ ಗೋಡೆಯ ಕಲ್ಲು ಒಪ್ಪವಾಗಿವೆ, ಇಲ್ಲಿ ಸಿಕ್ಕಸಿಕ್ಕ ಕಲ್ಲು. ಸೊಂಟದ ಎತ್ತರದಲ್ಲಿ ಒಂದು ಕಲ್ಲಿಗೆ ಮಣ್ಣು ಮೆತ್ತಿಲ್ಲ. ಅಂಚು ಸವೆದು ನುಣ್ಣಗಾಗಿದೆ. ಎಳೆದರೆ ಕೈಗೆ ಬರುತ್ತದೆ. ಆಚೆ ಕಡೆ ಸಣ್ಣ ಆಯಿಯ ಒಲೆ. ಇಬ್ಬರು ನೆಗೆಣ್ಣಿಯರು 20 ವರ್ಷ ಆ ಸಂದಿಯಲ್ಲಿ ಕೆಂಡ ಕೊಟ್ಟು ಇಸಿದುಕೊಂಡರು. ಮಜ್ಜಿಗೆ, ಉಪ್ಪಿನಕಾಯಿ, ಪುಂಡಿಪಲ್ಯ, ಬಾಣಂತಿಯ ಖಾರ, ಒಮ್ಮೆ ನನ್ನನ್ನೂ. ಹೌದು, ನಾನು ಎರಡು ವರ್ಷದ ಕೂಸಿದ್ದಾಗ ಆ ಸಂದಿಯಲ್ಲಿ ತಲೆ ಹಾಕಿ ಸಿಕ್ಕಿಕೊಂಡು, ಆಚೆಯಿಂದ ಸಣ್ಣ ಆಯಿ ತಳ್ಳಿ, ಈಚೆಯಿಂದ ಆಯಿ ಎಳೆದು ಬಿಡಿಸಿದರಂತೆ. ಗಂಡಸರು ಹೊಲದಿಂದ ಬರುವ ಸದ್ದಾದರೆ ಕಲ್ಲು ಮತ್ತೆ ತನ್ನ ಜಾಗಕ್ಕೆ.

ಇನ್ನು ಕಾಳಿನ ಕೋಣೆ. ಅಲ್ಲಿ ಬಾಗಿಲ ಹಿಂದೆ ಗಚ್ಚಿನ ಗೋಡೆ ಇದೆ. ಇಡೀ ಮನೆಗೆ ಸುಣ್ಣ ಹೊಡೆದರೂ ಆ ತುಂಡಿಗೆ ಹೊಡೆಯುತ್ತಿರಲಿಲ್ಲ. ಯಾಕಂದರೆ ಅದು ಲೆಕ್ಕದ ಗೋಡೆ. ಮೊಳೆಯಿಂದ ಗೀರಿ ಬರೆದ ಅಂಕಿಗಳು. ಮೇಲ್ಗಡೆ ಮುತ್ಯಾನ ಅಂಕಿ, ಎಲ್ಲ ಉರ್ದು. ಐದು ಅಂದರೆ ತಲೆಕೆಳಗಾದ ಹೃದಯ, ಸೊನ್ನೆ ಅಂದರೆ ಬರೀ ಚುಕ್ಕೆ. ಅದನ್ನು ನೊಣದ ಹಿಕ್ಕೆ ಅಂದುಕೊಂಡು ನನ್ನ ತಮ್ಮ ಒಮ್ಮೆ ಒರೆಸಲು ಹೋಗಿದ್ದ. 50 ಚೀಲ ಹೋಗಿ 5 ಚೀಲ ಆಗುತ್ತಿತ್ತು! ಅದರ ಕೆಳಗೆ ಅಪ್ಪನ ಅಂಕಿ, ಕನ್ನಡದವು. ಅಪ್ಪ ಉರ್ದು ಶಾಲೆಯಲ್ಲಿ ಶುರು ಮಾಡಿ ಕನ್ನಡ ಶಾಲೆಯಲ್ಲಿ ಮುಗಿಸಿದವರು. ನಡುವೆ ಒಂದು ಸಾಲಿನಲ್ಲಿ ಎರಡೂ ಬೆರೆತಿವೆ, ಗಡಿಬಿಡಿಯಲ್ಲಿ ಕೈ ಹಳೆಯದಕ್ಕೆ ಹೋಗಿರಬೇಕು. ಇನ್ನೂ ಕೆಳಗೆ ಕಾಕಾನ ಇಂಗ್ಲಿಷ್ ಅಂಕಿ. 1956ರ ನವೆಂಬರ್ 1ಕ್ಕೆ ನಾವು ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದನ್ನು ನೀವು ಪುಸ್ತಕದಲ್ಲಿ ಓದಿದ್ದೀರಿ. ನಾನು ಅದನ್ನು ಆ ಗೋಡೆಯ ಮೇಲೆ ನೋಡಿದೆ.

ಕೆಳಕ್ಕೆ ಬಂದ ಹಾಗೆ ಅಂಕಿಗಳು ಸಣ್ಣದಾಗುತ್ತವೆ. ಕಾರಣ ಹುಡುಕಬೇಕಾಗಿಲ್ಲ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಪಾಟೀಲಕಿ ಹೋಯಿತು. 1972ರ ಬರದಲ್ಲಿ ಹಗೇವು ತಳ ಕಂಡಿತು, ಮತ್ತೆ ತುಂಬಲಿಲ್ಲ. 1974ರಲ್ಲಿ ಭೂಸುಧಾರಣೆ ಬಂತು. ನಮ್ಮ ಹೊಲ ಉಳುತ್ತಿದ್ದವರು ಫಾರಂ ನಂಬರ್ 7 ತುಂಬಿ ಕೊಟ್ಟರು, ಹೊಲ ಅವರದಾಯಿತು. 1976ರಲ್ಲಿ ಜೀತ ನಿಷೇಧದ ಕಾಯ್ದೆ. ಅಪ್ಪ ಇವತ್ತಿಗೂ ‘ಇಂದಿರಾಬಾಯಿ ನಮ್ಮ ಮನಿ ಸೋರಿಸಿದಳು’ ಅನ್ನುತ್ತಾರೆ. ನಾನು ಅವರ ಜೊತೆ ವಾದ ಮಾಡಿದ್ದೇನೆ. ಆದರೆ ಒಂದು ಅರ್ಥದಲ್ಲಿ ಅವರ ಮಾತು ನಿಜ. ಕೂಲಿ ಕೊಡದೆ ಸವಳು ಬರುವುದು ನಿಂತಿತು. ಮಾಳಿಗೆಗೆ ತಾಡಪತ್ರಿ ಬಂತು. ಅಷ್ಟು ದೊಡ್ಡ ಮನೆ ಅಷ್ಟು ವರ್ಷ ಸೋರದೆ ನಿಂತದ್ದು ಯಾರ ಬೆನ್ನ ಮೇಲೆ ಅಂತ ಆಗ ಗೊತ್ತಾಯಿತು.

ಆಮೇಲಿನದು 1993. ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಗಣಪತಿ ಕಳಿಸಿ ತಡವಾಗಿ ಮಲಗಿದ ರಾತ್ರಿ. ಕಿಲ್ಲಾರಿ ಭೂಕಂಪ. ಲಾತೂರಿನ ಕಡೆ ಸುಮಾರು 10,000 ಜನ ಹೋದರು. ನಮ್ಮ ಮನೆಯಲ್ಲಿ ಯಾರೂ ಸಾಯಲಿಲ್ಲ. ಅಡಿಗೆಮನೆಯ ಹಿಂದಿನ ಗೋಡೆ ಹೊರಗಡೆಗೆ ಬಿತ್ತು. ಕಂಬಗಳು ನಿಂತವು, ಕಂಬದ ಮೇಲಿನ ಮಾಳಿಗೆಯೂ ನಿಂತಿತು. 1908ರ ಆ ಬಡಿಗ್ಯಾ ನಮ್ಮನ್ನು ಉಳಿಸಿದ.

ಕಿಲ್ಲಾರಿಯಲ್ಲಿ ಅಷ್ಟು ಜನ ಯಾಕೆ ಸತ್ತರು ಅಂತ ನೋಡಿದರೆ, ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ದಪ್ಪ ಗೋಡೆ ಅಂದರೆ ಗಟ್ಟಿ ಅಂತ ನಾವು ತಿಳಿದಿದ್ದೆವು. ಅದು ಎರಡು ತೆಳು ಗೋಡೆ, ನಡುವೆ ಚೂರು ಕಲ್ಲು ಮಣ್ಣು. ಎರಡನ್ನೂ ಹಿಡಿಯುವ ಉದ್ದ ಕಲ್ಲು ಹಾಕಿರದಿದ್ದರೆ ಅಲುಗಿದಾಗ ಬೇರೆ ಬೇರೆಯಾಗಿ ಬೀಳುತ್ತವೆ. ನಮ್ಮ ಮಾಳಿಗೆಯ ಭಾರ ಇಳಿಸಲು ಮಣ್ಣು ತೆಗೆಸಿದೆವು. ಕಡಿದ ಕಡೆ ಪದರ ಪದರವಾಗಿ ಕಾಣುತ್ತಿತ್ತು, ಹೋಳಿಗೆ ಜೋಡಿಸಿಟ್ಟ ಹಾಗೆ. ಅಳೆದರೆ ಎರಡು ಅಡಿಗೂ ಜಾಸ್ತಿ. ಪ್ರತಿ ವರ್ಷ ಮನೆ ಉಳಿಯಲಿ ಅಂತ ಹಾಕಿದ ಸವಳು, ವರ್ಷ ವರ್ಷ ನಮ್ಮ ತಲೆಯ ಮೇಲೆ ಭಾರವಾಗಿ ಕೂತಿತ್ತು. ಹಳೆಯದನ್ನು ಕೆರೆದು ಹೊಸದು ಹಾಕಬೇಕಿತ್ತು. ಕೆರೆಯುವುದು ಎರಡು ದಿನದ ಹೆಚ್ಚಿನ ಕೆಲಸ, ಯಾರೂ ಮಾಡಿರಲಿಲ್ಲ.

ಅವತ್ತಿನಿಂದ ತಿಂಗಳುಗಟ್ಟಲೆ ಅಂಗಳದಲ್ಲಿ ಮಲಗಿದೆವು. ಸಣ್ಣ ಮುತ್ಯಾನ ಮಕ್ಕಳೂ ಆಚೆಯ ಅಂಗಳ ಬಿಟ್ಟು ನಮ್ಮ ಅಂಗಳಕ್ಕೇ ಬಂದರು, ಅದು ದೊಡ್ಡದು ಅಂತ. 40 ವರ್ಷ ಮಾತಿಲ್ಲದವರು ಒಂದೇ ತಾಡಪತ್ರಿಯ ಕೆಳಗೆ. ಮುಂದಿನ ಬೇಸಿಗೆಗೆ ಕಾಕಾ ಹೊಲದಲ್ಲಿ ಸ್ಲ್ಯಾಬಿನ ಮನೆ ಕಟ್ಟಿದ. ಆಮೇಲೆ ಒಬ್ಬೊಬ್ಬರೇ ಕಲಬುರಗಿಗೆ, ಪುಣೆಗೆ, ಬೆಂಗಳೂರಿಗೆ.

2020ರ ಅಕ್ಟೋಬರ್ ಮಳೆಯಲ್ಲಿ ಪಡಸಾಲಿಯ ಒಂದು ಮೂಲೆ ಕುಸಿಯಿತು. ಈಗ ಮನೆ ಒಂಬತ್ತು ಹೆಸರಿನಲ್ಲಿದೆ. ಹಳೆ ಕಟ್ಟಿಗೆ ಕೊಳ್ಳುವವರು ಬಂದು ಕಂಬ ತಟ್ಟಿ ನೋಡಿ ಹೋಗುತ್ತಾರೆ. ದೊಡ್ಡ ಬಾಗಿಲು ಈಗಾಗಲೇ ಯಾವುದೋ ಹೋಟೆಲ್ಲಿನ ಮುಂದೆ ನಿಂತಿದೆ. ಮಾರಿದ್ದು ತಪ್ಪು ಅಂತ ನಾನು ಹೇಳಲಾರೆ, ನನ್ನ ಪಾಲಿನ ದುಡ್ಡು ನಾನೂ ತೆಗೆದುಕೊಂಡಿದ್ದೇನೆ.

ಕೊನೆಗೆ ಆ ಲೆಕ್ಕದ ಗೋಡೆಗೆ ಒಮ್ಮೆ ಹೋಗಿ ಮುಗಿಸುತ್ತೇನೆ. ಅಂಕಿಗಳಿಗಿಂತ ಮೇಲೆ, ಮುತ್ಯಾನ ಕೈಯ ಒಂದು ಉರ್ದು ಸಾಲು ಇದೆ. ಆಯಿಗೆ ಓದು ಬರುತ್ತಿರಲಿಲ್ಲ. ಬಂದೇ ನವಾಜರ ದರ್ಗಾದಿಂದ ತಂದು ಬರೆಸಿದ ದುವಾ ಅಂತ ಅವಳ ನಂಬಿಕೆ. ಪ್ರತಿ ದೀಪಾವಳಿಗೆ ಆ ಸಾಲಿಗೆ ವಿಭೂತಿ ಹಚ್ಚಿ, ದೀಪ ತೋರಿಸಿ, ನಮ್ಮ ಕೈಲೆಲ್ಲ ನಮಸ್ಕಾರ ಮಾಡಿಸುತ್ತಿದ್ದಳು. ಅವಳ ನಂತರ ಅವ್ವ ಮಾಡಿದಳು, ಅವ್ವನ ನಂತರ ನನ್ನ ಹೆಂಡತಿ.

ಹೋದ ವರ್ಷ ಅದರ ಫೋಟೋ ತೆಗೆದುಕೊಂಡು ಅದೇ ಉರ್ದು ಮಾಸ್ತರರಿಗೆ ತೋರಿಸಿದೆ. ಮೊಬೈಲನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ನಕ್ಕರು. ‘ದುವಾ ಅಲ್ರಿ ಇದು. ಸವಳು 40 ಹೆಡಿಗಿ, ಕೂಲಿ ಜೋಳ ಬಾಕಿ ಅಂತ ಬರ್ದಾರ.’

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರಿಗೀಗ 87. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ‘ಕೊಟ್ಟಿರ್ತಾರ ಬಿಡು’ ಅಂದರು.

ನಮ್ಮ ಗೋಡೆಯಲ್ಲಿ ಒಂದು ಪದ್ಧತಿ ಇದೆ. ಕೊಟ್ಟು ಮುಗಿದ ಲೆಕ್ಕದ ಮೇಲೆ ಅಡ್ಡಗೀಟು ಎಳೆಯುತ್ತಿದ್ದರು. ಕೆಳಗಿನ ಸಾಲುಗಳಲ್ಲೆಲ್ಲ ಆ ಗೀಟು ಇದೆ. ಮೊಬೈಲು ತೆಗೆದು ಫೋಟೋವನ್ನು ಅಪ್ಪನ ಮುಂದೆ ಹಿಡಿದೆ. ಅವರು ಕನ್ನಡಕ ಹುಡುಕತೊಡಗಿದರು. ಅದು ಅವರ ಹಣೆಯ ಮೇಲೇ ಇತ್ತು.